ಮೊಲದ ಬಾಲ ದಿನಾ ನೋಡ್ತೀರಾ?

ಸಂಜಯನಗರದ ನಮ್ಮ ತಾರಸಿ ತೋಟದಲ್ಲಿ ಹಿಕ್ಕೆ ಗೊಬ್ಬರಕ್ಕೆಂದು ನಾಲ್ಕು ಮೊಲ ಸಾಕಿದ್ದೇನೆ. ಕಳೆದ ವಾರ ಸೊಪ್ಪು ಒಯ್ಯಲು ಬಂದ ಪಕ್ಕದ ಮನೆ ಹುಡುಗಿ ಕೇಳಿದಳು: "ಅಂಕಲ್, ಹಸು ಬಾಲದಲ್ಲಿ ನೊಣ ಓಡಿಸುತ್ತೆ. ಮೊಲಕ್ಕೆ ಈ ತುಂಡು ಬಾಲ ಯಾಕೆ?"

ನೋಡೋಕೆ ಹತ್ತಿ ಉಂಡೆ ಥರ ಇದ್ರೂ ಅದು ಬೆನ್ನುಮೂಳೆಯ ಕೊನೆಯ ಭಾಗ. ಒಳಗೆ ಸಣ್ಣ ಮೂಳೆಗಳ ಸಾಲೇ ಇದೆ. ಹಾಗಾಗಿ ಬಾಲವನ್ನಾಗಲಿ ಕಿವಿಯನ್ನಾಗಲಿ ಹಿಡಿದು ಮೊಲವನ್ನು ಎತ್ತಬಾರದು.

ನಾವು ಸಾಕುವ ಮೊಲಗಳ ಮೂಲ ಯುರೋಪಿನ ಕಾಡು ಮೊಲ. ಅವು ಬಿಲ ತೋಡಿ ಗುಂಪಾಗಿ ಬಾಳುತ್ತವೆ. ಬೆನ್ನು ಮಣ್ಣಿನ ಬಣ್ಣ, ಬಾಲದ ಅಡಿ ಮಾತ್ರ ಬಿಳಿ. ಅಪಾಯ ಕಂಡ ಮೊಲ ಹಿಂಗಾಲು ನೆಲಕ್ಕೆ ಬಡಿದು, ಬಾಲ ಎತ್ತಿ ಓಡುತ್ತದೆ. ಆ ಬಿಳಿ ಕಂಡು ಉಳಿದವೂ ಬಿಲ ಸೇರುತ್ತವೆ. ಹಾಗಾದರೆ ಬಿಳಿ ಬಾಲ ನರಿಗೂ ಕಾಣುವುದಿಲ್ಲವೇ? ಕಾಣುತ್ತದೆ. ನರಿ ಆ ಬಿಳಿ ಚುಕ್ಕೆಯ ಮೇಲೇ ಕಣ್ಣಿಟ್ಟು ಓಡುವಾಗ ಮೊಲ ಥಟ್ಟನೆ ತಿರುಗಿದರೆ ಚುಕ್ಕೆ ಮಾಯ! ನರಿಗೆ ಗುರಿ ತಪ್ಪುತ್ತದೆ. ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2013ರಲ್ಲಿ ಇದನ್ನು ಕಂಪ್ಯೂಟರ್ ಆಟದಲ್ಲಿ ಪರೀಕ್ಷಿಸಿದ್ದರು. ಬಾಲದಲ್ಲಿ ಚುಕ್ಕೆ ಇದ್ದ ಮೊಲಗಳನ್ನು ಹಿಡಿಯುವುದು ಆಡಿದವರಿಗೆ ಹೆಚ್ಚು ಕಷ್ಟವಾಯಿತು.

ನಮ್ಮ ಹೊಲದ ಬದುಗಳಲ್ಲಿ ಕಾಣುವ, ಕತ್ತಿನ ಹಿಂದೆ ಕಪ್ಪು ಇರುವ ಕಾಡು ಮೊಲ ಬೇರೆ ಜಾತಿ. ಅದು ಬಿಲ ತೋಡಲ್ಲ. ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಗೂಡಿನ ಮೊಲಕ್ಕೆ ನರಿಯ ಕಾಟವಿಲ್ಲ. ಆದರೂ ಬಾಲ ಒಂದು ಸುದ್ದಿ ಹೇಳುತ್ತೆ. ಅದನ್ನು ಓದದೆ ನಾನು ಒಂದು ಮೊಲ ಕಳೆದುಕೊಂಡೆ. ಎರಡು ವರ್ಷದ ಹಿಂದೆ, ಮಳೆಗಾಲ. ಒಂದು ಹೆಣ್ಣು ಮೊಲದ ಬಾಲ ಒದ್ದೆಯಾಗಿ ಅಂಟಂಟಾಗಿತ್ತು. ಸಾವಯವದವನು ನೋಡಿ, ಬೇವಿನೆಣ್ಣೆ ಹಚ್ಚಿ ಎರಡು ದಿನ ಕಾದೆ. ಮೂರನೇ ದಿನ ಬಾಲದಡಿ ಹುಳು ಬಿದ್ದಿತ್ತು. ಉಳಿಯಲಿಲ್ಲ.

ಕೊಳಕು ಬಾಲ ಅಂದರೆ ಭೇದಿ ಇರಬಹುದು, ಕಾಳು-ಹಿಂಡಿ ಹೆಚ್ಚಾಗಿರಬಹುದು, ಇಲ್ಲವೇ ಮೈ ಬೆಳೆದು ಅದಕ್ಕೆ ತನ್ನನ್ನು ತಾನು ಶುಚಿ ಮಾಡಿಕೊಳ್ಳಲು ಆಗುತ್ತಿಲ್ಲ. ಆ ವಾಸನೆಗೆ ನೊಣ ಬಂದು ಮೊಟ್ಟೆ ಇಡುತ್ತೆ. ಒಂದೇ ದಿನದಲ್ಲಿ ಹುಳು ಆಗಬಹುದು.

ಹೀಗೆ ಮಾಡಿ:

• ದಿನಾ ಬೆಳಿಗ್ಗೆ ಮೇವು ಹಾಕುವಾಗ ಬಾಲದಡಿ ನೋಡಿ. ಮಳೆಗಾಲದಲ್ಲಿ ಸಂಜೆಯೂ ನೋಡಿ.
• ಒಣ ಹುಲ್ಲು ಯಾವಾಗಲೂ ಇರಲಿ. ನೀರು ಸೋರುವ ಹಸಿ ಮೇವು ಬೇಡ. ಹೊಸ ಮೇವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಸಿ.
• ಗೂಡಿನಡಿ ಹಿಕ್ಕೆ, ಮೂತ್ರ ದಿನಾ ತೆಗೆಯಿರಿ.
• ಬಾಲ ಕೊಳಕಾದರೆ ಮೊಲಕ್ಕೆ ಸ್ನಾನ ಮಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ.
• ಭೇದಿ ಇದ್ದರೆ, ಮೇವು ಬಿಟ್ಟರೆ, ಹುಳು ಕಂಡರೆ ಅವತ್ತೇ ಪಶುವೈದ್ಯರ ಬಳಿ ಒಯ್ಯಿರಿ. ನನ್ನ ಹಾಗೆ ಕಾಯಬೇಡಿ.

ಆ ಹುಡುಗಿ ಈಗ ದಿನಾ ಬಂದು ನಾಲ್ಕೂ ಬಾಲ ನೋಡಿ ನನಗೆ ವರದಿ ಒಪ್ಪಿಸ್ತಾಳೆ.