ಚಿಗರಿ ಉಳಿದ, ಎರ್ಲಡ್ಡು ಹೋದ ಬಯಲು

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಸಿಗುವುದು ಕುಮಾರಪಟ್ಟಣ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಾಗುವ ಬಹಳಷ್ಟು ಜನರಿಗೆ ಇದು ಕಾರ್ಖಾನೆಯ ಚಿಮಣಿ ಕಾಣುವ ಊರು, ಅಷ್ಟೆ. ಪ್ರವಾಸಕ್ಕೆಂದು ಯಾರೂ ಇಲ್ಲಿ ಇಳಿಯುವುದಿಲ್ಲ. ಆದರೆ ಸುತ್ತಲಿನ ಐವತ್ತು ಅರುವತ್ತು ಕಿಲೋಮೀಟರಿನ ಸೀಮೆಯನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಸಿಗಲಾರದು. ನದಿಯ ಆಚೆ ದಡ ದಾವಣಗೆರೆ ಜಿಲ್ಲೆ, ಈಚೆ ದಡ ಹಾವೇರಿ ಜಿಲ್ಲೆ. 1956ರ ಏಕೀಕರಣದವರೆಗೆ ಆ ದಡ ಮೈಸೂರಿನದು, ಈ ದಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯದು. ಒಂದೇ ನೀರು, ಎರಡು ಸರ್ಕಾರ.

ಈ ಸೀಮೆಯ ಗುಣ ತಿಳಿಯಬೇಕಾದರೆ ಪಶ್ಚಿಮದಿಂದ ಪೂರ್ವಕ್ಕೆ ಬರಬೇಕು. ಸಹ್ಯಾದ್ರಿಯ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಭತ್ತದ ಗದ್ದೆ, ಕೆರೆ, ಮಾವಿನ ತೋಪು. ಅಲ್ಲಿಂದ ಹೊರಟು ಬ್ಯಾಡಗಿ ದಾಟುವಷ್ಟರಲ್ಲಿ ಮಳೆ ಕಡಿಮೆಯಾಗುತ್ತದೆ, ಗುಡ್ಡಗಳು ಬೋಳಾಗುತ್ತವೆ, ಹೊಲಗಳಲ್ಲಿ ಹತ್ತಿ, ಜೋಳ, ಗೋವಿನಜೋಳ ಕಾಣುತ್ತವೆ. ರಾಣೆಬೆನ್ನೂರಿಗೆ ಬಂದಾಗ ಅರೆಮಲೆನಾಡು ಮುಗಿದು ಬಯಲುಸೀಮೆ ತೆರೆದುಕೊಂಡಿರುತ್ತದೆ. ನಡುವೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡದೆ ಹೋಗಬಾರದು. ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಕೆಂಪು ರಾಶಿಗಳ ನಡುವೆ ನಡೆಯುವುದೇ ಒಂದು ಅನುಭವ. ಕರವಸ್ತ್ರವೊಂದು ಜೊತೆಗಿರಲಿ.

ನದಿಯ ಪಕ್ಕದ ದೇವಾಲಯಗಳದ್ದು ಬೇರೆಯೇ ಕಥೆ. ಹರಿಹರದ ಹರಿಹರೇಶ್ವರ ದೇಗುಲವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ನದಿಯ ಹರಿವಿನೊಂದಿಗೆ ಕೆಳಗೆ ಹೋದರೆ ಚೌಡದಾನಪುರ. ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತಿರುವ ಈ ಸಣ್ಣ ಊರಿನಲ್ಲಿ, ನೀರಿಗೆ ಸಮೀಪದಲ್ಲೇ, ಮುಕ್ತೇಶ್ವರ ದೇವಾಲಯ ನಿಂತಿದೆ. ಗುತ್ತಲದಿಂದ ಆಳಿದ ಗುತ್ತ ಅರಸರ ಕಾಲದ ನೆನಪುಗಳು ಅದರ ಅಂಗಳದ ಎತ್ತರದ ಶಾಸನಗಳಲ್ಲಿವೆ. ಇನ್ನೂ ಕೆಳಗೆ, ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವಲ್ಲಿ, ಗಳಗನಾಥ. ಅಲ್ಲಿನ ಗಳಗೇಶ್ವರ ದೇಗುಲದ ಬುಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒತ್ತುಗಟ್ಟಿದಂತಿರುವ ಕಲ್ಲಿನ ಕಟ್ಟಣೆ ಕನ್ನಡನಾಡಿನ ದೇವಾಲಯಗಳಲ್ಲಿ ಅಪರೂಪದ್ದು. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡಿಗರು ‘ಗಳಗನಾಥ’ ಎಂದೇ ಕರೆದದ್ದು ಈ ಊರಿನಿಂದಾಗಿ.

ರಾಣೆಬೆನ್ನೂರಿಗೆ ಹತ್ತಿರದ ದೇವರಗುಡ್ಡಕ್ಕೆ ಜನ ಬರುವುದು ಮಾಲತೇಶನಿಗಾಗಿ, ಅದರಲ್ಲೂ ನವರಾತ್ರಿಯ ಕಾರ್ಣಿಕಕ್ಕಾಗಿ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ನೆರೆದ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ಆತ ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಆ ಸಾಲಿನಲ್ಲಿ ಮಳೆ ಇದೆಯೇ, ಬೆಳೆ ಇದೆಯೇ, ರಾಜಕೀಯ ಇದೆಯೇ ಎಂಬ ಚರ್ಚೆ ಮುಂದೆ ವಾರಗಟ್ಟಲೆ ನಡೆಯುತ್ತದೆ. ಮಳೆಯನ್ನೇ ನಂಬಿದ ಸೀಮೆಯಲ್ಲಿ ಇದು ಸಹಜ. ಜಾತ್ರೆಯಿಲ್ಲದ ದಿನ ಗುಡ್ಡವನ್ನೇರಿದರೆ ಸುತ್ತಲಿನ ಬಯಲು ಕಣ್ಣಿಗೆ ತುಂಬುತ್ತದೆ. ಈ ಬಯಲಿನಲ್ಲೇ ಈ ಸೀಮೆಯ ಮುಖ್ಯ ಸಂಗತಿ ಅಡಗಿದೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರು. ಹುಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂಬ ಮೂರು ತುಂಡುಗಳಾಗಿ ಹಂಚಿಕೊಂಡಿದೆ. ‘ಅರಣ್ಯ’ ಎಂಬ ಪದ ಕೇಳಿ ಬಂದವರಿಗೆ ಮೊದಲ ನೋಟದಲ್ಲೇ ನಿರಾಸೆಯಾದರೆ ಆಶ್ಚರ್ಯವಿಲ್ಲ. ಇಲ್ಲಿ ದಟ್ಟ ಕಾಡಿಲ್ಲ, ಝರಿಯಿಲ್ಲ. ಕುರುಚಲು ಗಿಡ, ಹುಲ್ಲು, ಮತ್ತೆ ಸಾಲು ಸಾಲಾಗಿ ನೀಲಗಿರಿ ಮರ. ಆ ಮರಗಳ ನಡುವಿನಿಂದ ಚಿಗರಿಯ ಹಿಂಡೊಂದು ಬಯಲಿಗೆ ಬಂದಾಗ ಮಾತ್ರ ಬಂದದ್ದು ಸಾರ್ಥಕವೆನಿಸುತ್ತದೆ. ಹೆಣ್ಣುಗಳದು, ಮರಿಗಳದು ಕಂದು ಬಣ್ಣ. ವಯಸ್ಸಿಗೆ ಬಂದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಲೆಯ ಮೇಲೆ ತಿರುಪಿನಂತೆ ಸುತ್ತಿದ ಕೊಂಬು. ಚುಕ್ಕೆ ಜಿಂಕೆಯ ಹಾಗೆ ಇದು ವರ್ಷವರ್ಷವೂ ಕೊಂಬು ಉದುರಿಸುವುದಿಲ್ಲ. ಅಪಾಯದ ಸುಳಿವು ಸಿಕ್ಕರೆ ಒಂದು ಮೊದಲು ಆಕಾಶಕ್ಕೆ ಚಿಮ್ಮುತ್ತದೆ, ಹಿಂದೆಯೇ ಇಡೀ ಹಿಂಡು ಚಿಮ್ಮುತ್ತ ಓಡುತ್ತದೆ. ಕಾಳಿದಾಸನ ದುಷ್ಯಂತ ರಥವೇರಿ ಬೆನ್ನಟ್ಟಿದ್ದು ಇದನ್ನೇ. ಕೃಷ್ಣಸಾರ ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯ ಎಂದು ಮನುಸ್ಮೃತಿ ಹೇಳುತ್ತದೆ. ನಮ್ಮ ಹಿರಿಯರು ನಾಡನ್ನು ಗುರುತಿಸಿದ್ದು ಹುಲ್ಲುಗಾವಲಿನ ಪ್ರಾಣಿಯಿಂದ ಎಂಬುದನ್ನು ಗಮನಿಸಬೇಕು.

ಆ ಹುಲ್ಲುಗಾವಲಿಗೆ ಸರ್ಕಾರದ ಕಡತಗಳಲ್ಲಿ ಸಿಕ್ಕ ಹೆಸರು ‘ಪಾಳುಭೂಮಿ’. ಮರವಿಲ್ಲದ ನೆಲ ಎಂದರೆ ಹಾಳುಬಿದ್ದ ನೆಲ ಎಂಬ ತಿಳುವಳಿಕೆ ಬ್ರಿಟಿಷರ ಕಾಲದಿಂದ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೂ ಹೋಗಲಿಲ್ಲ. ಕುರಿಗಾರನಿಗೆ, ದನ ಮೇಯಿಸುವವನಿಗೆ ಅದು ಗೋಮಾಳ. ಅರಣ್ಯ ಇಲಾಖೆಗೆ ಅದು ಮರ ನೆಡಲು ಕಾದಿರುವ ಖಾಲಿ ಜಾಗ. 1950ರ ದಶಕದಿಂದ ಇಲ್ಲಿ ನೀಲಗಿರಿ ನೆಡುವ ಕೆಲಸ ನಡೆಯಿತು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಅಲಂಕಾರಕ್ಕೆಂದು ಬಂದ ಆಸ್ಟ್ರೇಲಿಯಾದ ಈ ಮರ ಹೀಗೆ ಬಯಲುಸೀಮೆಯ ತುಂಬ ಹರಡಿತು. ಬೇಗ ಬೆಳೆಯುತ್ತದೆ, ದನಕರು ಬಾಯಿ ಹಾಕುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ನೆಡುವವರಿಗೆ ಇನ್ನೇನು ಬೇಕು?

ಇದರ ಲೆಕ್ಕ ತೆತ್ತದ್ದು ಒಂದು ಹಕ್ಕಿ. ಎರ್ಲಡ್ಡು ಎಂದು ಬಯಲುಸೀಮೆಯ ಜನ ಕರೆಯುವ ಈ ಹಕ್ಕಿ ಎತ್ತರದಲ್ಲಿ ಸುಮಾರು ಒಂದು ಮೀಟರು. ಗಂಡು ಹದಿನೈದು ಕಿಲೋವರೆಗೆ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವೇ. ಗೂಡು ಕಟ್ಟುವ ಗೊಡವೆಯಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಆದ್ದರಿಂದ ನಾಲ್ಕೂ ದಿಕ್ಕಿಗೆ ದೂರದವರೆಗೆ ಕಣ್ಣು ಹಾಯುವ ತೆರೆದ ಹುಲ್ಲುಗಾವಲೇ ಅದಕ್ಕೆ ರಕ್ಷಣೆ. ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ರಾಣೆಬೆನ್ನೂರಿನ ಬಯಲು ಕರ್ನಾಟಕದಲ್ಲಿ ಎರ್ಲಡ್ಡು ಕಾಣಸಿಗುತ್ತಿದ್ದ ಹೆಸರಾಂತ ನೆಲೆಯಾಗಿತ್ತು. ಸಸಿಗಳು ಮೊಣಕಾಲೆತ್ತರ ಇರುವಷ್ಟು ಕಾಲ ನಡುವಣ ಹುಲ್ಲಿನಲ್ಲಿ ಅದಕ್ಕೆ ಮೇವಿತ್ತು, ನೋಟವೂ ಇತ್ತು. ಮರ ಆಳೆತ್ತರ ಮೀರಿ ಬೆಳೆದಾಗ ಆ ಹಕ್ಕಿಗೆ ನೆಲವೇ ಇಲ್ಲದಂತಾಯಿತು.

ವಿಚಿತ್ರವೆಂದರೆ, ಅದೇ ನೆಡುತೋಪಿನಲ್ಲಿ ಚಿಗರಿ ಉಳಿಯಿತು, ಹೆಚ್ಚಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಅಭಯಾರಣ್ಯವೂ ಆದ ಮೇಲೆ ಬೇಟೆ ತಗ್ಗಿತು. ಹಗಲು ಮರಗಳ ಮರೆ, ರಾತ್ರಿ ಪಕ್ಕದ ಹೊಲ. ಮನುಷ್ಯ ಮಾಡಿದ ಬದಲಾವಣೆಗೆ ಒಂದು ಜೀವಿ ಹೊಂದಿಕೊಂಡಿತು, ಇನ್ನೊಂದಕ್ಕೆ ಆಗಲಿಲ್ಲ. ಎರಡನ್ನೂ ಒಂದೇ ಬೇಲಿಯೊಳಗಿಟ್ಟು ‘ರಕ್ಷಿಸಿದೆವು’ ಎನ್ನುವುದು ಸುಲಭ. ಆದರೆ ಹೊಂದಿಕೊಂಡ ಚಿಗರಿಯ ಊಟದ ಖರ್ಚು ಬಿದ್ದದ್ದು ರೈತನ ಮೇಲೆ. ಮೊಳಕೆಯೊಡೆದ ಗೋವಿನಜೋಳ, ಶೇಂಗಾ ಹೊಲಕ್ಕೆ ಹಿಂಡು ನುಗ್ಗಿದರೆ ಮರುಬಿತ್ತನೆಯೇ ಗತಿ. ಪ್ರವಾಸಿಗೆ ಅಂದ, ಹೊಲದವನಿಗೆ ಕಾಟ. ಅಭಯಾರಣ್ಯದ ಅಂಚಿನ ಹಳ್ಳಿಯಲ್ಲಿ ಚಹಾ ಕುಡಿಯಲು ಕೂತರೆ ಈ ಮಾತು ತಾನಾಗಿ ಬರುತ್ತದೆ. ಕೇಳಿಸಿಕೊಳ್ಳದೆ ಎದ್ದು ಬರುವುದು ಸರಿಯಲ್ಲ.

ಇಲ್ಲಿ ಮತ್ತೆ ಕುಮಾರಪಟ್ಟಣದ ಚಿಮಣಿಗಳತ್ತ ತಿರುಗಬೇಕು. 1970ರ ದಶಕದಲ್ಲಿ ನದಿದಡದಲ್ಲಿ ತಲೆಯೆತ್ತಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ಮುಖ್ಯ ಕಚ್ಚಾವಸ್ತು ನೀಲಗಿರಿ. ತೊಗಟೆ ಸುಲಿದ ಮರವನ್ನು ಚೂರು ಮಾಡಿ, ರಾಸಾಯನಿಕದಲ್ಲಿ ಬೇಯಿಸಿ, ತಿಳಿಗೊಳಿಸಿದ ತಿರುಳಿನಿಂದ ಎಳೆ ತೆಗೆಯುತ್ತಾರೆ. ಅಂಗಡಿಯಲ್ಲಿ ‘ರೇಯಾನ್’ ಎಂದು ಕೊಳ್ಳುವ ಬಟ್ಟೆಯ ಹುಟ್ಟು ಇದೇ. ಸಾವಿರಾರು ಕುಟುಂಬಗಳಿಗೆ ಅನ್ನವೂ ಇದರಿಂದಲೇ. ಇದೇ ಕಾರ್ಖಾನೆ ಬಿಡುವ ನೀರಿನ ಬಗ್ಗೆ, ಸತ್ತ ಮೀನಿನ ಬಗ್ಗೆ ನದಿಯ ಕೆಳಗಿನ ಹಳ್ಳಿಗಳ ಜನ 1980ರ ದಶಕದಲ್ಲಿ ದನಿಯೆತ್ತಿದರು.

ಮರದ ಹಸಿವು ಬೆಳೆದಂತೆ ನೆಲ ಬೇಕಾಯಿತು. 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಸೇರಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಜಂಟಿ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸುವುದು ಉದ್ದೇಶ. ಕಾಗದದಲ್ಲಿ ಅದು ಬಂಜರು, ಊರಿನವರಿಗೆ ದನದ ಮೇವು, ಉರುವಲು, ಹಣ್ಣು, ಎಲೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಯೋಜನೆಯನ್ನು ಎದುರಿಸಿತು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರಾಯಿತು. 1991ರಲ್ಲಿ ಜಂಟಿ ಕಂಪನಿಯನ್ನು ಮುಚ್ಚಲಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಎರ್ಲಡ್ಡುವಿಗೆ ಇದರಿಂದ ಪ್ರಯೋಜನವಾಗಲಿಲ್ಲ. ದೇಶದಲ್ಲಿ ಇಂದು ಉಳಿದಿರುವವು 150ರ ಆಸುಪಾಸು. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು. ಬೇಟೆಗಾರನಿಗಿಂತ ಈಗ ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿ ಅದಕ್ಕೆ ಹೆಚ್ಚು ಅಪಾಯಕಾರಿ. ಆ ಹಕ್ಕಿಯ ಕಣ್ಣು ಅಕ್ಕಪಕ್ಕ ಚೆನ್ನಾಗಿ ನೋಡುತ್ತದೆ, ನೇರ ಮುಂದಿನದನ್ನು ಸರಿಯಾಗಿ ಕಾಣುವುದಿಲ್ಲ. ಭಾರದ ಮೈ, ತಟ್ಟನೆ ಹೊರಳಲೂ ಆಗದು.

ರಾಣೆಬೆನ್ನೂರಿನ ಬಯಲನ್ನು ನೋಡಲು ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಅನುಕೂಲ. ಹುಲ್ಲು ಇನ್ನೂ ಹಳದಿ ತಿರುಗುತ್ತಿರುತ್ತದೆ, ಬಿಸಿಲು ಹದವಾಗಿರುತ್ತದೆ. ಅರಣ್ಯ ಇಲಾಖೆಯವರ ಅನುಮತಿ ಪಡೆದು ಹೊತ್ತು ಮೂಡುವ ಮುಂಚೆಯೇ ಹೋಗಬೇಕು, ಇಲ್ಲವೇ ಸಂಜೆ ನಾಲ್ಕರ ನಂತರ. ನಡುಹಗಲಲ್ಲಿ ಹೋದವರಿಗೆ ಮರ ಮಾತ್ರ ಕಾಣುತ್ತದೆ. ನಾಯಿಯನ್ನು ಕರೆದೊಯ್ಯಬಾರದು, ಬಿಳಿ ಬಟ್ಟೆ ಬೇಡ, ವಾಹನದಿಂದ ಇಳಿದು ಹಿಂಡಿನ ಹಿಂದೆ ಓಡುವುದಂತೂ ಬೇಡವೇ ಬೇಡ. ಅದೃಷ್ಟವಿದ್ದರೆ ತೋಳವೊಂದು ಚಿಗರಿಗಳ ಹಿಂದೆ ಹೊಂಚುತ್ತ ನಡೆದದ್ದೂ ಕಂಡೀತು. ನೀಲಗಿರಿ ಮುಗಿದು ನೆಲ ತೆರೆದುಕೊಳ್ಳುವ ಅಂಚು ಎಲ್ಲಿದೆಯೆಂದು ಕಾವಲುಗಾರರನ್ನು ಕೇಳಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಚಿಗರಿ ಮೇಯಲು ಹೊರಬರುವುದು ಆ ಅಂಚಿಗೇ. ಎರ್ಲಡ್ಡು ನಡೆದಾಡುತ್ತಿದ್ದದ್ದೂ ಅಂಥ ನೆಲದಲ್ಲೇ.