ಅಪ್ಪನಿಗೆ ಸಿಗದ ಆಸ್ಪತ್ರೆ

ಸೆನೆಗಲ್ ದೇಶದ ಬಂಬಾಲಿ ಗ್ರಾಮ. ಊರಿನ ಇಮಾಮರಿಗೆ ಕಾಯಿಲೆ. ಮೊದಲ ಸಲ ನಾಟಿ ಔಷಧಿ ಹಿಡಿಯಿತು, ಮರುಕಳಿಸಿದಾಗ ಹಿಡಿಯಲಿಲ್ಲ. ಊರಲ್ಲಿ ಆಸ್ಪತ್ರೆಯೇ ಇರಲಿಲ್ಲ. ಪಕ್ಕದೂರಿಗೆ ಕರೆದೊಯ್ದರೂ ಜೀವ ಉಳಿಯಲಿಲ್ಲ. ಮಗ ಸಾಡಿಯೊ ಮಾನೆಗೆ ಆಗ ಬರೀ 7 ವರ್ಷ.

ಅದೇ ಹುಡುಗ ಲಿವರ್‌ಪೂಲ್ ತಂಡದ ಫುಟ್ಬಾಲ್ ತಾರೆಯಾದ. ದುಡಿದ ಹಣದಲ್ಲಿ ಊರಿಗೊಂದು ಶಾಲೆ ಕಟ್ಟಿಸಿದ. 2021ರಲ್ಲಿ ಆಸ್ಪತ್ರೆಯೂ ಬಾಗಿಲು ತೆರೆಯಿತು, ಹೆರಿಗೆ ಸೌಲಭ್ಯದ ಸಮೇತ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಅವನ ತಂಗಿ ಹುಟ್ಟಿದ್ದು ಮನೆಯಲ್ಲೇ!

ಊರಿಗಾಗಿ ಕಟ್ಟುವ ಇಂಥ ಛಲ ಮಂಡ್ಯಕ್ಕೆ ಹೊಸದಲ್ಲ. ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ 1962ರಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಬಂತು. ಮದ್ದೂರು–ಮಳವಳ್ಳಿ ರಸ್ತೆಯ ಭಾರತೀನಗರದಲ್ಲಿ ಜಿ. ಮಾದೇಗೌಡರು ವಿದ್ಯಾಸಂಸ್ಥೆಯನ್ನೇ ಬೆಳೆಸಿದರು.

ಅಷ್ಟು ದೊಡ್ಡದೇ ಆಗಬೇಕಿಲ್ಲ. ಈ ಸಲ ಅಪ್ಪ-ಅಮ್ಮನ ತಿಥಿಗೆ, ಅವರ ಹೆಸರಲ್ಲಿ ನಿಮ್ಮೂರ ಸರ್ಕಾರಿ ಶಾಲೆಗೆ ಒಂದು ಬೀರು ತುಂಬಾ ಪುಸ್ತಕ ಕೊಡಿ.