ಪೆನ್ಸಿಲ್ ಚುಕ್ಕೆ

ಬಳ್ಳಾರಿ ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆ. ಮಂಗಳವಾರ, ಇನ್ನೂ ಹತ್ತಾಗಿಲ್ಲ. ಬೇವಿನ ಮರದ ಕಟ್ಟೆಯ ಮೇಲೆ ಆಗಲೇ ಇಪ್ಪತ್ತು ಮೂವತ್ತು ಜನ. ಜಿಲ್ಲೆಯಿಂದ ಮನೋವೈದ್ಯರು ಬರುವ ದಿನ. ಕಡತದಲ್ಲಿ ಇದು ಮನೋಚೈತನ್ಯ ಕಾರ್ಯಕ್ರಮ, ಕಟ್ಟೆಯ ಮೇಲೆ ‘ಮಂಗಳಾರದ ಡಾಕ್ಟ್ರು’. ವಾರದ ಹೆಸರು ಹೇಳಿಕೊಂಡು ಬಸ್ಸು ಹತ್ತಿದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ.

ಮುದುಕಿಯೊಬ್ಬಳು ಮಗನ ಅಂಗಿಯ ಚುಂಗು ಹಿಡಿದೇ ಕೂತಿದ್ದಾಳೆ. ಮಗನಿಗೆ ಮೂವತ್ತೈದಿರಬಹುದು, ಹಣೆಯ ಮೇಲೆ ಒಣಗಿದ ಭಂಡಾರ, ಕೊರಳಲ್ಲಿ ತಾಯತ. ‘ತಿಂಗಳ ಸೂಜಿ ಆದ್ರ ಮನುಷ್ಯಾಗಿ ಇರ್ತಾನ, ತಪ್ಪಿದ್ರ ರಾತ್ರಿಯೆಲ್ಲ ಗ್ವಾಡಿ ಜತಿ ಮಾತು.’ ದೇವರನ್ನೂ ಬಿಟ್ಟಿಲ್ಲ, ಸೂಜಿಯನ್ನೂ ಬಿಟ್ಟಿಲ್ಲ. ಅವಳ ಜಾಣತನಕ್ಕೆ ನಾನು ತಲೆದೂಗಿದೆ.

ಆಚೆ ಬದಿಗೆ ಕೂತವನ ಕೈಯಲ್ಲಿ ಚಹಾದ ಲೋಟ ನಿಲ್ಲುತ್ತಿಲ್ಲ. ಆಣೆ ಮಾಡಿ ಮೂರು ದಿನದಿಂದ ಕುಡಿತ ಬಿಟ್ಟಿದ್ದಾನಂತೆ. ನಿದ್ದೆಯಿಲ್ಲ, ಮೈಯೆಲ್ಲ ಬೆವರು. ಹೀಗೆ ದಿಢೀರನೆ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದೆಂದು ಊರಲ್ಲಿ ಯಾರು ಹೇಳಬೇಕು? ಸಿಸ್ಟರ್ ಅವನನ್ನು ಸರದಿ ತಪ್ಪಿಸಿ ಒಳಗೆ ಕರೆದರು. ಯಾರೂ ತಕರಾರು ಮಾಡಲಿಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ, ಮದ್ಯದ ಕಾಯಿಲೆಗೆ ಬಿದ್ದ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಇಲ್ಲ. ಈತ ಹೇಗೋ ಉಳಿದ ಹದಿನಾಲ್ಕರೊಳಗೆ ಬಂದು ಬಿದ್ದ.

ಒಳಗೆ ಕಬ್ಬಿಣದ ಮೇಜು. ಗೋಡೆಯ ಮೇಲಿನ ಟೆಲಿ ಮಾನಸ್ ಸಹಾಯವಾಣಿಯ ಪೋಸ್ಟರ್‌ನ ಅರ್ಧವನ್ನು ಕ್ಯಾಲೆಂಡರ್ ನುಂಗಿದೆ. ಪುಣ್ಯಕ್ಕೆ 14416 ಎಂಬ ನಂಬರು ಹೊರಗೇ ಉಳಿದಿದೆ. ಮೇಜಿನ ಮೇಲೆ ಅಂಚು ಮುದುರಿದ ರಿಜಿಸ್ಟರು.

ಇಂಥ ರಿಜಿಸ್ಟರಿಗೆ ಈ ಮಣ್ಣಿನಲ್ಲಿ ಇತಿಹಾಸವಿದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು 1982ರಲ್ಲಿ. ಅದು ಹಳ್ಳಿಯಲ್ಲಿ ನಡೆಯುತ್ತದೆಯೇ ಎಂದು ನೋಡಲು 1985ರಲ್ಲಿ ನಿಮ್ಹಾನ್ಸ್‌ನವರು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಬೆರಳೆಣಿಕೆಯ ಔಷಧಿ, ಸರಳ ದಾಖಲೆ, ತಿಂಗಳಿಗೊಮ್ಮೆ ವರದಿ. ಬಂಡವಾಳ ಇಷ್ಟೇ. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಕಾಲಿಟ್ಟದ್ದು ಇದೇ ಬಳ್ಳಾರಿ ಮಾದರಿ.

ಮಧ್ಯಾಹ್ನ ಕಟ್ಟೆ ಖಾಲಿ. ಸಿಸ್ಟರ್ ಲೆಕ್ಕ ಕೂಡಿಸಿದರು: ಹೊಸಬರು 6, ಹಳಬರು 35. ಮೇಲಿನವರು ಮೊದಲು ಕೇಳುವುದು ಇದನ್ನೇ, ಎಷ್ಟು ಜನ ಬಂದರು ಅಂತ. ಆದರೆ ಸಿಸ್ಟರ್ ಕೈ ಪುಟ ಹಿಂದಕ್ಕೆ ತಿರುವಿತು. ಹೋದ ತಿಂಗಳ ಹೆಸರುಗಳ ಮೇಲೆ ಬೆರಳಾಡಿಸುತ್ತ, ಈ ಸಲ ಮುಖ ತೋರಿಸದವರ ಹೆಸರಿನ ಪಕ್ಕ ಪೆನ್ಸಿಲಿನಿಂದ ಒಂದೊಂದು ಚುಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲವಂತೆ. ನನಗೆ ಆ ಮೇಜಿನ ಮೇಲಿನ ನಿಜವಾದ ವರದಿ ಅದೇ ಅನ್ನಿಸಿತು. ಒಂಬತ್ತು ಚುಕ್ಕೆ.

ಮೊದಲ ಚುಕ್ಕೆಯ ಊರಿನ ಆಶಾ ಕಾರ್ಯಕರ್ತೆಗೆ ಫೋನು ಹೋಯಿತು. ‘ಮೆಣಸಿನಕಾಯಿ ಬಿಡಸಾಕ ಹೋಗ್ಯಾಳ್ರೀ, ಕೂಲಿ ಬಿಟ್ಟು ಹೆಂಗ ಬರ್ತಾಳ?’

‘ಗುಳಿಗಿ ಅದಾವೇನು ಮನ್ಯಾಗ?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಸಂಜಿಮುಂದ ಹೋಗಿ ನೋಡ್ತೀನ್ರೀ.’

ಸಿಸ್ಟರ್ ಚುಕ್ಕೆಯನ್ನು ಅಳಿಸಲಿಲ್ಲ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಎರಡನೇ ನಂಬರು ಒತ್ತಿದರು.